ಶಾಲೆಗೆ ಗಾಲಿಗಳಿದ್ದರೆ? – ಮಕ್ಕಳ ಬುದ್ಧಿಯನ್ನು ಅಳೆದ ನೂರಿಪ್ಪತ್ತು ವರ್ಷಗಳ ಕಥೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಕೆಂಪು ಇಂಕಿನ ಒಂದು ತಪ್ಪು ಗುರುತು. ಅದನ್ನು ಹಾಕಿದವನು ನಾನೇ.

2005ನೇ ಇಸವಿ. ನಾನು ಒಂಬತ್ತನೇ ತರಗತಿಯಲ್ಲಿದ್ದೆ. ವಿಜ್ಞಾನದ ಮೇಷ್ಟ್ರಿಗೆ ಚುನಾವಣಾ ಕೆಲಸ ಬಂದಿದ್ದರಿಂದ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನೂ ಕೆಂಪು ಪೆನ್ನನ್ನೂ ಕ್ಲಾಸ್ ಲೀಡರ್ ಆಗಿದ್ದ ನನ್ನ ಕೈಗೆ ಕೊಟ್ಟು, "ನೋಟ್ಸ್ ನೋಡ್ಕೊಂಡು ತಿದ್ದಿಡು" ಎಂದಿದ್ದರು. ಒಂದು ಪ್ರಶ್ನೆ ಹೀಗಿತ್ತು: ಪವನ ಶಕ್ತಿಯ ಎರಡು ಉಪಯೋಗಗಳನ್ನು ಬರೆಯಿರಿ. ಎರಡು ಅಂಕ. ನೋಟ್ಸಿನಲ್ಲಿದ್ದ ಉತ್ತರ – ವಿದ್ಯುತ್ ಉತ್ಪಾದಿಸಲು, ನೀರೆತ್ತಲು. ಕೊನೆಯ ಬೆಂಚಿನ ಗೆಳೆಯ ಬರೆದಿದ್ದ ಉತ್ತರ – ರಾಶಿ ತೂರಲು, ಗಿಳಿ ಓಡಿಸಲು. ನಾನು ಎರಡಕ್ಕೂ ತಪ್ಪು ಹಾಕಿ ಸೊನ್ನೆ ಕೊಟ್ಟೆ.

ಅವನು ಸುಮ್ಮನೆ ಬರೆದಿರಲಿಲ್ಲ. ಅವರ ಸೂರ್ಯಕಾಂತಿ ಹೊಲದಲ್ಲಿ ಹಳೆಯ ಸೈಕಲ್ ರಿಮ್ಮಿಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ರೆಕ್ಕೆ ಕಟ್ಟಿ, ಗಾಳಿ ಬಂದಾಗಲೆಲ್ಲ ಒಂದು ಬೋಲ್ಟು ಹೋಗಿ ತಟ್ಟೆಗೆ ಬಡಿಯುವ ಹಾಗೆ ಅವನೇ ಮಾಡಿ ನಿಲ್ಲಿಸಿದ್ದ. ಆ ಸದ್ದಿಗೆ ಗಿಳಿಗಳು ಏಳುತ್ತಿದ್ದವು. ಶಾಲೆಗೆ ಹೋಗುವ ದಾರಿಯಲ್ಲೇ ಆ ಹೊಲ. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ಆದರೂ ತಪ್ಪು ಹಾಕಿದೆ, ಏಕೆಂದರೆ ಅದು ನೋಟ್ಸಿನಲ್ಲಿ ಇರಲಿಲ್ಲ.

ಇದನ್ನು ನಾನು ಬಹಳ ವರ್ಷ ಮರೆತಿದ್ದೆ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವ ನನಗೆ, ಕೆಲಸ ಕೇಳಿಕೊಂಡು ಬರುವ ಹೊಸ ಹುಡುಗ ಹುಡುಗಿಯರ ಸಂದರ್ಶನ ಮಾಡುವ ಜವಾಬ್ದಾರಿಯೂ ಇದೆ. 45 ನಿಮಿಷ, ಒಂದು ಒಗಟಿನಂಥ ಲೆಕ್ಕ, ಕೊನೆಗೆ ಒಂದರಿಂದ ಐದರೊಳಗೆ ಒಂದು ಅಂಕ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ನಾನು ನಿರೀಕ್ಷಿಸಿದ ದಾರಿ ಬಿಟ್ಟು ಬೇರೆ ಯಾವುದೋ ದಾರಿಯಲ್ಲಿ ಹೊರಟಳು. ಸಮಯ ಮುಗಿಯಿತು. ನಾನು ಎರಡು ಅಂಕ ಬರೆದೆ. ರಾತ್ರಿ ಊಟಕ್ಕೆ ಕೂತಾಗ ಅವಳ ದಾರಿ ಸರಿಯಾಗಿಯೇ ಇತ್ತು ಎಂದು ಹೊಳೆಯಿತು. ಅಷ್ಟು ಹೊತ್ತಿಗೆ ಪಟ್ಟಿ ಹೋಗಿಯಾಗಿತ್ತು. ಗಿಳಿ ಓಡಿಸುವ ಉತ್ತರ ನೆನಪಾದದ್ದು ಆ ರಾತ್ರಿ.

ಮಕ್ಕಳ ಬುದ್ಧಿಗೆ ಅಂಕ ಕೊಡುವುದನ್ನು ಯಾರು, ಯಾಕೆ ಶುರು ಮಾಡಿದರು? ಸೃಜನಶೀಲತೆ ಎನ್ನುವುದು ಬುದ್ಧಿಯ ಒಳಗಿದೆಯೋ ಹೊರಗಿದೆಯೋ? ಬಿಡುವಾದಾಗಲೆಲ್ಲ ಈ ಚರಿತ್ರೆಯನ್ನು ಓದುತ್ತಾ ಬಂದೆ. ನಾನು ಮನಶ್ಶಾಸ್ತ್ರ ಕಲಿತವನಲ್ಲ. ಓದಿ ತಿಳಿದದ್ದನ್ನು ನಮ್ಮ ಶಾಲೆಯ ಗುರುಗಳ ಮತ್ತು ಈಗಿನ ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಪ್ಯಾರಿಸಿನ ಅಳತೆಗೋಲು

ಕಥೆ ಶುರುವಾಗುವುದು ಫ್ರಾನ್ಸಿನಲ್ಲಿ. ಎಲ್ಲ ಮಕ್ಕಳೂ ಶಾಲೆಗೆ ಬರಲೇಬೇಕೆಂಬ ಕಾನೂನು ಬಂದ ಮೇಲೆ, ಪಾಠ ಹಿಡಿಸದ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿಯಲ್ಲಿ ಕಲಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. 1904ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಅದರಲ್ಲಿದ್ದ ಆಲ್ಫ್ರೆಡ್ ಬಿನೆ, ತಮ್ಮ ಸಹಾಯಕ ಥಿಯೋಡರ್ ಸಿಮೊನ್ ಜೊತೆ ಸೇರಿ 1905ರಲ್ಲಿ 30 ಪ್ರಶ್ನೆಗಳ ಒಂದು ಪರೀಕ್ಷೆ ರೂಪಿಸಿದರು. 1908ರಲ್ಲಿ ಅದನ್ನು ತಿದ್ದಿ, ಯಾವ ವಯಸ್ಸಿನ ಮಗು ಯಾವ ಪ್ರಶ್ನೆಗೆ ಉತ್ತರಿಸಬಲ್ಲದು ಎಂದು ಜೋಡಿಸಿದರು. ಬುದ್ಧಿಪರೀಕ್ಷೆಗಳೆಲ್ಲದರ ಮೂಲ ಇದೇ.

ಇಲ್ಲಿ ಎರಡು ಸಂಗತಿಗಳು ನನಗೆ ಆಶ್ಚರ್ಯ ತಂದವು. ಮೊದಲನೆಯದು, ಬಿನೆ ಇದಕ್ಕೂ ಸುಮಾರು ಹತ್ತು ವರ್ಷ ಮೊದಲೇ ಮಕ್ಕಳ ಕಲ್ಪನಾಶಕ್ತಿಯನ್ನು ತಿಳಿಯಲು ಇಂಕಿನ ಕಲೆಗಳನ್ನು ತೋರಿಸಿ "ಇದರಲ್ಲಿ ಏನು ಕಾಣುತ್ತದೆ?" ಎಂದು ಕೇಳುವ ವಿಚಾರ ಮಾಡಿದ್ದರು. ಅವರ 1908ರ ಪರೀಕ್ಷೆಯಲ್ಲೂ 3 ನಿಮಿಷದಲ್ಲಿ 60 ಪದ ಹೇಳುವಂಥ, ಒಂದೇ ಉತ್ತರವಿಲ್ಲದ ಪ್ರಶ್ನೆ ಇತ್ತು. ಅಂದರೆ ಮೊದಲ ಅಳತೆಗೋಲಿನಲ್ಲಿ ಕಲ್ಪನೆ ಪೂರ್ತಿ ಹೊರಗೆ ಉಳಿದಿರಲಿಲ್ಲ. ಎರಡನೆಯದು, ಮಗುವಿನ ಬುದ್ಧಿ ಹುಟ್ಟಿನಿಂದಲೇ ಇಷ್ಟು ಎಂದು ನಿಗದಿಯಾಗಿರುತ್ತದೆ, ಅದನ್ನು ಬೆಳೆಸಲಾಗದು ಎಂಬ ಮಾತನ್ನು ಬಿನೆ 1909ರಲ್ಲೇ ಕಟುವಾಗಿ ವಿರೋಧಿಸಿದ್ದರು. ಅಳತೆಗೋಲನ್ನು ಅವರು ಮಾಡಿದ್ದು ಮಗುವಿಗೆ ಸಹಾಯ ಮಾಡಲು. 1911ರಲ್ಲಿ ಅವರು ತೀರಿಕೊಂಡರು. ಅಳತೆಗೋಲು ಬೇರೆಯವರ ಕೈಗೆ ಹೋಯಿತು.

ಬುದ್ಧಿ ಒಂದು ಸಂಖ್ಯೆಯಾಯಿತು

1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಬೇಕೆಂದು ಸೂಚಿಸಿದರು. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿ ಬಳಕೆಗೆ ತಂದರು. ಅದೇ ನಮಗೆ ಗೊತ್ತಿರುವ ಐಕ್ಯೂ. ಮರುವರ್ಷ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಸುಮಾರು 17 ಲಕ್ಷ ಸೈನಿಕರಿಗೆ ಸಾಮೂಹಿಕ ಬುದ್ಧಿಪರೀಕ್ಷೆ ನಡೆಯಿತು. ಒಬ್ಬ ಮಗುವಿನ ಎದುರು ಕೂತು ಮಾತಾಡಿಸಿ ತಿಳಿಯುತ್ತಿದ್ದದ್ದು, ಗಡಿಯಾರ ಇಟ್ಟುಕೊಂಡು ಸಾವಿರಾರು ಜನರಿಗೆ ಒಟ್ಟಿಗೆ ಮಾಡುವ ಪರೀಕ್ಷೆಯಾಯಿತು. ಲಕ್ಷಗಟ್ಟಲೆ ಪತ್ರಿಕೆ ತಿದ್ದಬೇಕಾದಾಗ ಒಂದೇ ಸರಿಯುತ್ತರದ ಪ್ರಶ್ನೆಗಳೇ ಅನುಕೂಲ. ನನ್ನ ಕೈಯಲ್ಲಿದ್ದ ಕೆಂಪು ಪೆನ್ನಿಗೂ ಅದೇ ಅನುಕೂಲವಾಗಿತ್ತು.

ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಹೆಚ್ಚು ಐಕ್ಯೂ ಇರುವ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿ, ಅವರ ಇಡೀ ಬದುಕನ್ನು ಗಮನಿಸುವ ಅಧ್ಯಯನ ಆರಂಭಿಸಿದರು. ನಾಳಿನ ಮಹಾನ್ ಪ್ರತಿಭೆಗಳು ಇವರಲ್ಲೇ ಇದ್ದಾರೆಂಬುದು ಅವರ ಭರವಸೆ. ಆ ಮಕ್ಕಳಲ್ಲಿ ಬಹಳ ಮಂದಿ ಚೆನ್ನಾಗಿ ಓದಿ, ಒಳ್ಳೆಯ ಕೆಲಸ ಹಿಡಿದು, ನೆಮ್ಮದಿಯಾಗಿ ಬಾಳಿದರು. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಪರೀಕ್ಷೆ ಬರೆದೂ ಆಯ್ಕೆಯಾಗದೆ ಉಳಿದ ಇಬ್ಬರು ಹುಡುಗರಿಗೆ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು: 1956ರಲ್ಲಿ ವಿಲಿಯಂ ಶಾಕ್ಲಿ, 1968ರಲ್ಲಿ ಲೂಯಿಸ್ ಆಲ್ವರೆಜ್.

ಶಾಕ್ಲಿ ನನ್ನ ವೃತ್ತಿಗೆ ಹತ್ತಿರದವರು. ಕಂಪ್ಯೂಟರುಗಳ ಜೀವವಾದ ಟ್ರಾನ್ಸಿಸ್ಟರನ್ನು ಕಂಡುಹಿಡಿದ ಮೂವರಲ್ಲಿ ಒಬ್ಬರು. ಆದರೆ ಪರೀಕ್ಷೆಯಿಂದ ಹೊರಗುಳಿದವರು ಅದರ ಮಿತಿಯನ್ನು ಕಲಿಯುತ್ತಾರೆ ಎಂದೇನಿಲ್ಲ. 1956ರಲ್ಲಿ ತಮ್ಮದೇ ಪ್ರಯೋಗಾಲಯ ತೆರೆದಾಗ ಅವರು ಕೆಲಸಕ್ಕೆ ಬಂದ ಯುವ ಎಂಜಿನಿಯರುಗಳಿಗೆ ಮಾನಸಿಕ ಪರೀಕ್ಷೆ ಮಾಡಿಸಿದರು. ಹಾಗೆ ಪರೀಕ್ಷೆಗೆ ಒಳಗಾದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ 1968ರಲ್ಲಿ ಇಂಟೆಲ್ ಕಂಪನಿ ಕಟ್ಟಿದರು. ನೀವು ಬುದ್ಧಿವಂತರು, ಆದರೆ ಆಡಳಿತ ನಿಮ್ಮ ಕೈಲಾಗದು ಎಂದು ಆ ಪರೀಕ್ಷೆ ಹೇಳಿತ್ತೆಂದು ಮೂರ್ ನಗುತ್ತಾ ನೆನೆಸಿಕೊಳ್ಳುತ್ತಿದ್ದರು. ಕೊನೆಗಾಲದಲ್ಲಿ ಶಾಕ್ಲಿ ಐಕ್ಯೂವನ್ನೇ ಮುಂದಿಟ್ಟುಕೊಂಡು ಕರಿಯ ಜನರು ಹುಟ್ಟಿನಿಂದಲೇ ಕಡಿಮೆ ಎಂದು ವಾದಿಸಿ ಹೆಸರು ಕೆಡಿಸಿಕೊಂಡರು. ಒಮ್ಮೆ ತನ್ನನ್ನೇ ಹೊರಗಿಟ್ಟ ಅಳತೆಗೋಲನ್ನು ಹಿಡಿದು ಅವರು ಇತರರನ್ನು ಅಳೆದರು.

ಇಟ್ಟಿಗೆಯಿಂದ ಏನೇನು ಮಾಡಬಹುದು?

ಯುದ್ಧಕಾಲದಲ್ಲಿ ವಿಮಾನ ಚಾಲಕರನ್ನು ಆರಿಸುವ ಪರೀಕ್ಷೆಗಳ ಮೇಲೆ ಕೆಲಸ ಮಾಡಿದ್ದ ಜೆ.ಪಿ. ಗಿಲ್ಫರ್ಡ್, 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷ ಭಾಷಣಕ್ಕೆ ಸೃಜನಶೀಲತೆಯನ್ನೇ ವಿಷಯವಾಗಿ ಆರಿಸಿಕೊಂಡರು. ಮನಶ್ಶಾಸ್ತ್ರದ ಸುಮಾರು 1,21,000 ಬರಹಗಳ ಪಟ್ಟಿ ತೆಗೆದು ನೋಡಿದರೆ ಈ ವಿಷಯಕ್ಕೆ ಸಂಬಂಧಿಸಿದವು ಬರೀ 186 ಎಂದು ಅವರು ತೋರಿಸಿದರು. ಬುದ್ಧಿಪರೀಕ್ಷೆಗಳು ಒಂದೇ ಉತ್ತರದ ಕಡೆಗೆ ಸಾಗುವ ಯೋಚನೆಯನ್ನು ಅಳೆಯುತ್ತವೆ, ಒಂದರಿಂದ ಹಲವಕ್ಕೆ ಕವಲೊಡೆಯುವ ಯೋಚನೆಯನ್ನು ಬಿಟ್ಟುಬಿಡುತ್ತವೆ ಎಂಬುದು ಅವರ ವಾದ. ಒಂದು ಇಟ್ಟಿಗೆಯಿಂದ ಏನೇನು ಮಾಡಬಹುದು, ಎಷ್ಟಾದರೂ ಹೇಳು – ಇಂಥ ಪ್ರಶ್ನೆಗಳು ಅಲ್ಲಿಂದ ಹರಡಿದವು.

1957ರ ಅಕ್ಟೋಬರ್ 4ರಂದು ರಷ್ಯಾ ಸ್ಪುಟ್ನಿಕ್ ಹಾರಿಸಿತು. ನಮ್ಮ ಶಾಲೆಗಳಲ್ಲಿ ಏನೋ ಕೊರತೆಯಿದೆ ಎಂದು ಅಮೆರಿಕ ಗಾಬರಿಬಿದ್ದಿತು. ಸೃಜನಶೀಲತೆಯ ಸಂಶೋಧನೆಗೆ ಹಣ ಬಂತು. 1958ರಿಂದ ಮಿನೆಸೋಟಾದಲ್ಲಿ ಇ. ಪಾಲ್ ಟಾರೆನ್ಸ್ ಶಾಲಾ ಮಕ್ಕಳ ನಡುವೆ ಕೆಲಸ ಶುರು ಮಾಡಿದರು. ಖಾಲಿ ವೃತ್ತಗಳನ್ನು ಕೊಟ್ಟು ಚಿತ್ರ ಮಾಡಲು ಹೇಳುವುದು, ಆಟದ ಸಾಮಾನೊಂದನ್ನು ಇನ್ನೂ ಚೆನ್ನಾಗಿ ಮಾಡುವುದು ಹೇಗೆಂದು ಕೇಳುವುದು, ಹೀಗೆ. ಉತ್ತರಗಳು ಎಷ್ಟು, ಎಷ್ಟು ಬಗೆಯವು, ಬೇರೆಯವರಿಗೆ ಹೊಳೆಯದ್ದು ಎಷ್ಟು ಎಂದು ಎಣಿಸುತ್ತಿದ್ದರು. 1966ರಲ್ಲಿ ಈ ಪರೀಕ್ಷೆಗಳು ಪ್ರಕಟವಾದವು. ಟಾರೆನ್ಸ್ ಕಂಡುಕೊಂಡ ಒಂದು ವಿಷಯ ಎಲ್ಲ ಮೇಷ್ಟ್ರುಗಳಿಗೂ ಗೊತ್ತಿರಬೇಕು. ನಾಲ್ಕನೇ ತರಗತಿಯ ಹೊತ್ತಿಗೆ, ಒಂಬತ್ತು ಹತ್ತರ ವಯಸ್ಸಿನಲ್ಲಿ, ಬಹಳ ಮಕ್ಕಳ ಸೃಜನಶೀಲತೆಯ ಅಂಕ ಕೆಳಗಿಳಿಯುತ್ತಿತ್ತು.

ಇಬ್ಬರನ್ನೂ ಅಳೆದಾಗ

ಹಾಗಾದರೆ ಬುದ್ಧಿವಂತ ಮಗುವೇ ಸೃಜನಶೀಲ ಮಗುವೋ? 1962ರಲ್ಲಿ ಚಿಕಾಗೋ ವಿಶ್ವವಿದ್ಯಾಲಯದ ಗೆಟ್ಜೆಲ್ಸ್ ಮತ್ತು ಜಾಕ್ಸನ್ ಒಂದು ಶಾಲೆಯಲ್ಲಿ ಎರಡು ಗುಂಪುಗಳನ್ನು ಹೋಲಿಸಿದ ಪುಸ್ತಕ ತಂದರು. ಒಂದು ಗುಂಪಿನ ಸರಾಸರಿ ಐಕ್ಯೂ 150. ಸೃಜನಶೀಲತೆಯಲ್ಲಿ ಮೇಲಿದ್ದ ಇನ್ನೊಂದು ಗುಂಪಿನದು 127. ಇಷ್ಟು ಅಂತರವಿದ್ದರೂ ಎರಡೂ ಗುಂಪು ಓದಿನಲ್ಲಿ ಸಮಸಮ ಇದ್ದವು. ಆದರೆ ಶಿಕ್ಷಕರಿಗೆ ಹೆಚ್ಚು ಇಷ್ಟವಾದವರು ಐಕ್ಯೂ ಹೆಚ್ಚಿದ್ದವರು.

ಈ ಅಧ್ಯಯನ ಪ್ರಸಿದ್ಧವಾದಷ್ಟೇ ಟೀಕೆಗೂ ಒಳಗಾಯಿತು. ಆ ಶಾಲೆಯ ಸರಾಸರಿ ಐಕ್ಯೂವೇ 132. 127 ಎಂದರೆ ಹೊರಗೆ ಎಲ್ಲಿ ಹೋದರೂ ಜಾಣ ಮಗುವೇ. ಎರಡರಲ್ಲೂ ಮುಂದಿದ್ದ, ಎರಡರಲ್ಲೂ ಹಿಂದಿದ್ದ ಮಕ್ಕಳನ್ನು ಅವರು ನೋಡಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು 1965ರಲ್ಲಿ ಮೈಕೆಲ್ ವಾಲಕ್ ಮತ್ತು ನೇಥನ್ ಕೋಗನ್ ಪ್ರಕಟಿಸಿದ ಅಧ್ಯಯನ. ನಾನು ಓದಿದ್ದರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ. ಸೃಜನಶೀಲತೆಯನ್ನೂ ಪರೀಕ್ಷೆಯ ಹಾಗೆ ಗಡಿಯಾರ ಇಟ್ಟು ಅಳೆದರೆ ಪರೀಕ್ಷೆ ಬರೆಯುವ ಜಾಣತನವೇ ಅಳತೆಗೆ ಸಿಗುತ್ತದೆ ಎಂಬುದು ಅವರ ಅನುಮಾನ. ಅದಕ್ಕೆ ಐದನೇ ತರಗತಿಯ 151 ಮಕ್ಕಳ ಜೊತೆ ಬೇರೆ ದಾರಿ ಹಿಡಿದರು. ಪ್ರಶ್ನೆ ಕೇಳುವವರು ಮೊದಲು ತರಗತಿಗೆ ಬಂದು ಹೋಗಿ ಮಕ್ಕಳಿಗೆ ಪರಿಚಿತರಾದರು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಇದು ಆಟ ಎನ್ನುವ ಹಾಗೆ ಕೇಳಿದರು: ದುಂಡಗಿರುವ ವಸ್ತುಗಳು ಯಾವುವು? ಸದ್ದು ಮಾಡುವ ವಸ್ತುಗಳು? ಗಾಲಿಯ ಮೇಲೆ ಚಲಿಸುವಂಥವು? ಸಮಯದ ಮಿತಿ ಇಲ್ಲ. ಅಂಕ ಇಲ್ಲ.

ಹೀಗೆ ಕೇಳಿದಾಗ ಸೃಜನಶೀಲತೆ ಮತ್ತು ಐಕ್ಯೂ ನಡುವೆ ಹೆಚ್ಚು ಕಡಿಮೆ ಸಂಬಂಧವೇ ಕಾಣಲಿಲ್ಲ. ಮಕ್ಕಳು ನಾಲ್ಕು ಗುಂಪಾದರು. ಎರಡರಲ್ಲೂ ಮುಂದಿದ್ದವರು, ಎರಡರಲ್ಲೂ ಹಿಂದಿದ್ದವರು, ಒಂದರಲ್ಲಿ ಮಾತ್ರ ಮುಂದಿದ್ದ ಎರಡು ಗುಂಪು. ಇವರಲ್ಲಿ ತರಗತಿಯೊಳಗೆ ಎಲ್ಲರಿಗಿಂತ ಕಷ್ಟದಲ್ಲಿದ್ದವರು ಎರಡರಲ್ಲೂ ಹಿಂದಿದ್ದ ಮಕ್ಕಳಲ್ಲ. ಸೃಜನಶೀಲತೆ ಹೆಚ್ಚಿದ್ದು ಐಕ್ಯೂ ಅಂಕ ಕಡಿಮೆಯಿದ್ದ ಮಕ್ಕಳು, ಅದರಲ್ಲೂ ಹುಡುಗಿಯರು. ತಮ್ಮ ಮೇಲೆ ನಂಬಿಕೆಯಿಲ್ಲದೆ, ಹಿಂಜರಿಯುತ್ತಾ, ಯಾರೊಡನೆಯೂ ಬೆರೆಯದೆ ಇರುತ್ತಿದ್ದರು. ಅಳೆಯುವ ಭಯ ಇಲ್ಲದ ಕಡೆ ಅದೇ ಮಕ್ಕಳು ಅರಳುತ್ತಿದ್ದರು. ಇನ್ನು ಐಕ್ಯೂ ಹೆಚ್ಚಿದ್ದು ಸೃಜನಶೀಲತೆ ಕಡಿಮೆಯಿದ್ದ ಮಕ್ಕಳಿಗೆ ಅಂಕ ತೆಗೆಯುವುದೇ ಒಂದು ಚಟದಂತಾಗಿತ್ತು. ತಪ್ಪಾದೀತೆಂಬ ಭಯ ಅವರನ್ನು ಬಿಡುತ್ತಿರಲಿಲ್ಲ. ಈ ಸಾಲುಗಳನ್ನು ಓದುವಾಗ ನನ್ನದೇ ಫೋಟೋ ನೋಡಿದ ಹಾಗಾಯಿತು.

ಇದೇ ಕೊನೆಯ ಮಾತಲ್ಲ. ಐಕ್ಯೂ ಸುಮಾರು 120ರವರೆಗೆ ಎರಡೂ ಜೊತೆಗೆ ಸಾಗುತ್ತವೆ, ಆಮೇಲೆ ಬೇರೆಯಾಗುತ್ತವೆ ಎಂಬ ವಾದ ಬಹುಕಾಲ ಚಾಲ್ತಿಯಲ್ಲಿತ್ತು. 2005ರಲ್ಲಿ ಕ್ಯುಂಗ್ ಹೀ ಕಿಮ್ ಎಂಬ ಸಂಶೋಧಕಿ 21 ಅಧ್ಯಯನಗಳ ಒಟ್ಟು 45,880 ಜನರ ಅಂಕಗಳನ್ನು ಒಟ್ಟುಗೂಡಿಸಿ ನೋಡಿದಾಗ ಅಂಥ ಗಡಿಯೇನೂ ಸ್ಪಷ್ಟವಾಗಿ ಕಾಣಲಿಲ್ಲ. ಸಿಕ್ಕ ಸಹಸಂಬಂಧ ಸುಮಾರು 0.17. ಅದು 1 ಆಗಿದ್ದರೆ ಎರಡೂ ಒಂದೇ, 0 ಆಗಿದ್ದರೆ ಸಂಬಂಧವೇ ಇಲ್ಲ. 0.17 ಎಂದರೆ ಸಂಬಂಧವಿದೆ, ಆದರೆ ಸಡಿಲ. ಒಂದರ ಅಂಕ ನೋಡಿ ಇನ್ನೊಂದನ್ನು ಹೇಳಲಾಗದು. ಹಾಗೆಂದು ಇವು ಶತ್ರುಗಳೂ ಅಲ್ಲ. 2022ರ ಪೀಸಾ ಪರೀಕ್ಷೆಯಲ್ಲಿ ಹದಿನೈದು ವರ್ಷದ ಮಕ್ಕಳ ಸೃಜನಶೀಲ ಚಿಂತನೆಯನ್ನೂ ಅಳೆದರು. ಗಣಿತದಲ್ಲಿ ಮೊದಲು ಬಂದ ಸಿಂಗಾಪುರವೇ ಅದರಲ್ಲೂ ಮೊದಲು ಬಂತು. ಅಂಕ ತೆಗೆಯುವವರೆಲ್ಲ ಗಿಳಿಪಾಠದವರು ಎಂದು ನಾವು ಆಡಿಕೊಳ್ಳುವುದೂ ತಪ್ಪೇ.

ಕನ್ನಡದ ಮಕ್ಕಳು

ಇದೆಲ್ಲ ದೂರದ ಕಥೆ ಎಂದುಕೊಳ್ಳಬೇಡಿ. ಬಿನೆ ಪರೀಕ್ಷೆ ಕನ್ನಡಕ್ಕೆ ಬಹಳ ಬೇಗ ಬಂತು. ಮುಂಬಯಿ ಕರ್ನಾಟಕದಲ್ಲಿ ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಅದನ್ನು ಒಗ್ಗಿಸಿ 1934ರಲ್ಲಿ ಒಂದು ಲೇಖನ, 1940ರಲ್ಲಿ ಪುಸ್ತಕ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ನಮ್ಮ ದೇಶದಲ್ಲಿ ಇಂದಿಗೂ ಬಳಕೆಯಲ್ಲಿದೆ. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಕ್ಕಳನ್ನು ಗುರುತಿಸಿ ಸೌಲಭ್ಯ ಕೊಡಿಸಲು ಅದು ನೆರವಾಗುತ್ತದೆ. ಬಿನೆಯವರ ಮೊದಲ ಉದ್ದೇಶವೂ ಇದೇ ಅಲ್ಲವೇ?

ಸೃಜನಶೀಲತೆಯ ಪರೀಕ್ಷೆ ನಮ್ಮ ದೇಶದ್ದೇ ಆಗಿ ಬಂದದ್ದು 1973ರಲ್ಲಿ. ಬಾಕರ್ ಮೆಹ್ದಿ ಅವರು ರೂಪಿಸಿದ ಆ ಪರೀಕ್ಷೆಯಲ್ಲಿ, ಮನುಷ್ಯ ಹಕ್ಕಿಯಂತೆ ಹಾರುವಂತಾದರೆ ಏನಾಗುತ್ತದೆ, ಶಾಲೆಗೆ ಗಾಲಿಗಳಿದ್ದರೆ ಏನಾಗುತ್ತದೆ ಎಂಬಂಥ ಪ್ರಶ್ನೆಗಳಿವೆ. ಅದರ ಮರುವರ್ಷವೇ ನಮ್ಮ ಶಾಲೆ ಆರಂಭವಾಯಿತು. ಐವತ್ತು ವರ್ಷವಾದರೂ ಆ ಪ್ರಶ್ನೆಯನ್ನು ಇಲ್ಲಿ ಯಾರೂ ನಮಗೆ ಕೇಳಿರಲಿಲ್ಲ.

ಕಳೆದ ಜುಲೈನಲ್ಲಿ ಮಹೋತ್ಸವದ ಸಭೆಗೆ ಬಂದಿದ್ದಾಗ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಾನೇ ಎಂಟನೇ ತರಗತಿಗೆ ಹೋಗಿ ಕೇಳಿದೆ. ಮಾಡಿದ ತಪ್ಪೆಂದರೆ, "ಹತ್ತು ನಿಮಿಷ, ಹಾಳೆಯಲ್ಲಿ ಬರೆಯಿರಿ" ಎಂದೆ. "ಎಷ್ಟು ಮಾರ್ಕ್ಸ್ ಸಾರ್?" ಎಂದಳು ಮುಂದಿನ ಬೆಂಚಿನ ಹುಡುಗಿ. ಹಾಳೆಗಳನ್ನು ತೆಗೆದುಕೊಂಡು ನೋಡಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳದ್ದು ಒಂದೇ ಉತ್ತರ: "ಬೇಗ ಬರಬಹುದು." ಮಧ್ಯಾಹ್ನ ಬಿಸಿಯೂಟವಾದ ಮೇಲೆ ಬೇವಿನ ಮರದ ಕೆಳಗೆ ಅವರ ಜೊತೆ ಕೂತು, ಹಾಳೆ ಇಲ್ಲದೆ, ಮತ್ತೆ ಅದೇ ಮಾತು ತೆಗೆದೆ.

"ಮಳೆಗಾಲದಾಗೆ ನಮ್ಮೂರಿಗೇ ಬರ್ಲಿ ಸಾರ್, ಹಳ್ಳ ದಾಟೋದು ತಪ್ಪುತ್ತೆ."

"ಅಮ್ಮ ಕೂಲಿಗೆ ಹೋಗೋ ಹೊಲದ ಪಕ್ಕ ನಿಲ್ಲಿಸ್ಬಹುದು. ತಂಗೀನ ನೋಡ್ಕೊಂಡೂ ಓದ್ಬಹುದು."

"ನಮ್ಮಕ್ಕನ್ನ ಸ್ಕೂಲ್ ಬಿಡಿಸಿದಾರೆ. ಮನೆ ಮುಂದೇನೇ ಬಂದ್ರೆ ಅಪ್ಪ ಬೇಡ ಅನ್ನಲ್ಲ."

ಬೆಳಗ್ಗೆ ಖಾಲಿ ಹಾಳೆ ಕೊಟ್ಟಿದ್ದ ಹುಡುಗನೊಬ್ಬ ಕೊನೆಗೆ ಕೇಳಿದ: "ಬ್ರೇಕ್ ಯಾರ ಕೈಲಿರುತ್ತೆ ಸಾರ್? ಹೆಡ್‌ಮಾಸ್ಟ್ರ ಕೈಲಾ, ನಮ್ಮ ಕೈಲಾ?"

ಇದು ಸಂಶೋಧನೆಯಲ್ಲ. ಆದರೆ ವಾಲಕ್ ಮತ್ತು ಕೋಗನ್ 151 ಮಕ್ಕಳಲ್ಲಿ ಕಂಡದ್ದರ ಒಂದು ಎಳೆಯನ್ನು ನಾನು ನಮ್ಮ ಶಾಲೆಯ ಅಂಗಳದಲ್ಲಿ ಕಣ್ಣಾರೆ ಕಂಡೆ. ಮಕ್ಕಳು ಅವರೇ, ಪ್ರಶ್ನೆ ಅದೇ. ಬದಲಾದದ್ದು ನಾನು ಕೇಳಿದ ರೀತಿ.

ಎರಡು ಕೋರಿಕೆ

ನನ್ನ ಗೆಳೆಯ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ. ಪೂರಕ ಪರೀಕ್ಷೆಯಲ್ಲೂ ಆಗಲಿಲ್ಲ. ಈಗ ಊರಿನ ಕ್ರಾಸಿನಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದಾನೆ. ಗುಜರಿಗೆ ಹಾಕಿದ ಸೈಕಲ್ಲುಗಳಿಂದ ಅವನು ಮಾಡುವ ಎಡೆಕುಂಟೆಗೆ ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ಜುಲೈನಲ್ಲೇ ಅವನನ್ನು ಕಂಡು ಆ ಕೆಂಪು ಗುರುತಿನ ವಿಷಯ ಹೇಳಿದೆ. ಅವನಿಗೆ ನೆನಪೇ ಇರಲಿಲ್ಲ. "ಲೇ, ನೀನು ಆ ಎರಡು ಮಾರ್ಕ್ಸ್ ಕೊಟ್ಟಿದ್ರೂ ನಾನು ಗಣಿತದಲ್ಲಿ ಡುಮ್ಕಿನೇ ಬಿಡೋ" ಎಂದು ನಕ್ಕ. ಆಮೇಲೆ ಗ್ರೈಂಡರ್ ಆಫ್ ಮಾಡಿ, "ಪಾಸಾಗಿದ್ರೆ ಡಿಪ್ಲೊಮಾ ಮಾಡೋ ಆಸೆ ಇತ್ತು ಕಣೋ" ಎಂದ. ಅವನ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಅವನಿಗೆ ಗಣಿತ ಹತ್ತದೇ ಹೋದದ್ದಕ್ಕೂ, ನಿನಗೆ ತಲೆಯಿಲ್ಲ ಎಂದು ನಾವೆಲ್ಲ ಅವನನ್ನು ನಂಬಿಸಿದ್ದಕ್ಕೂ ಸಂಬಂಧವಿಲ್ಲ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಆದ್ದರಿಂದ ಗುರುಗಳಲ್ಲಿ ಎರಡು ಕೋರಿಕೆ. ಪ್ರತಿ ಕಿರುಪರೀಕ್ಷೆಯ ಕೊನೆಯಲ್ಲಿ ಅಂಕವಿಲ್ಲದ, ಸಮಯವಿಲ್ಲದ ಒಂದು ಪ್ರಶ್ನೆ ಇರಲಿ. ಉತ್ತರವನ್ನು ಮನೆಯಿಂದಲೂ ತರಬಹುದು, ಬಾಯಲ್ಲೂ ಹೇಳಬಹುದು. ಎರಡನೆಯದು, ಮಕ್ಕಳು ತಾವೇ ಮಾಡಿದ ವಸ್ತುಗಳನ್ನು ಇಡಲು ವಿಜ್ಞಾನ ಕೊಠಡಿಯಲ್ಲಿ ಒಂದು ಕಪಾಟು ಇರಲಿ. ವಸ್ತುಪ್ರದರ್ಶನದ ದಿನಕ್ಕೆ ಮಾತ್ರವಲ್ಲ, ವರ್ಷವಿಡೀ. ಅದರ ಖರ್ಚು ನಮ್ಮ 2007ರ ತಂಡದ್ದು. ನಾನೂ ನನ್ನ ಸಂದರ್ಶನಗಳಲ್ಲಿ ಗಡಿಯಾರವನ್ನು ಪಕ್ಕಕ್ಕಿಟ್ಟು, "ನೀನು ಯೋಚಿಸಿದ್ದು ಹೇಗೆ, ಹೇಳು" ಎಂದು ಕೇಳಲು ಶುರು ಮಾಡಿದ್ದೇನೆ. ಕೆಲಸ ನಿಧಾನವಾಗುತ್ತಿದೆ. ಆಗಲಿ.

ಕಪಾಟಿನ ವಿಷಯ ಗೆಳೆಯನಿಗೆ ಹೇಳಿದೆ. "ಕಬ್ಬಿಣ ನೀವು ಕೊಡಿಸಿ, ಕೂಲಿ ಬೇಡ. ನನ್ನ ಹೆಸರು ಎಲ್ಲೂ ಹಾಕಬೇಡ" ಎಂದ. ಹೆಸರು ಹಾಕಿಲ್ಲ. ಮೊದಲ ಅಂಕಣದಲ್ಲಿ ಇಡಲು ಒಂದು ಗಿಳಿ ಓಡಿಸುವ ಯಂತ್ರ ಬೇಕೆಂದು ಮಾತ್ರ ಕೇಳಿಕೊಂಡಿದ್ದೇನೆ. ಮಾಡಿಕೊಡುತ್ತೇನೆ ಎಂದಿದ್ದಾನೆ.



– ಹಳೆಯ ವಿದ್ಯಾರ್ಥಿ (2004–07), ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು